ಕೈಬರಹದ ಹಾಗೆ ಕಾಣುವ ಫಾಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಷರಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ನನ್ನನ್ನು ಜಾಸ್ತಿ ಕೇಳುವುದು ಕೈಬರಹದ ಫಾಂಟ್‌ಗಳ ವಿಷಯವನ್ನೇ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು, ತಾಂತ್ರಿಕವಾದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪರಿಚಯ

ಕೈಬರಹದ ಫಾಂಟ್ ಅಂದ್ರೆ ನಿಜವಾಗಿ ಯಾರಾದರೂ ಕೈಯಲ್ಲಿ ಬರೆದದ್ದಾ?

ಕೆಲವು ಹೌದು, ಕೆಲವು ಅಲ್ಲ. ಕಾಗದದ ಮೇಲೆ ಪೆನ್ನಿನಿಂದ ಬರೆದು, ಸ್ಕ್ಯಾನ್ ಮಾಡಿ, ಅದನ್ನು ಫಾಂಟ್ ಆಗಿಸುವುದು ಒಂದು ದಾರಿ. ಪ್ಯಾಟ್ರಿಕ್ ಹ್ಯಾಂಡ್ ಎಂಬ ಫಾಂಟ್ ಅದರ ವಿನ್ಯಾಸಕಾರರ ಸ್ವಂತ ಬರಹದಿಂದ ಬಂದದ್ದು. ಇನ್ನೊಂದು ದಾರಿಯಲ್ಲಿ ಕಾಗದವೇ ಇಲ್ಲ. ಪರದೆಯ ಮೇಲೆಯೇ ಗೆರೆ ಎಳೆದು, ಕೈ ಹೇಗೆ ತಿರುಗಬಹುದು ಎಂದು ಯೋಚಿಸಿ ಅಕ್ಷರ ಕಟ್ಟುತ್ತಾರೆ. ಕಾಮಿಕ್ ಸಾನ್ಸ್ ಆ ಜಾತಿಗೆ ಸೇರಿದ್ದು.

ಎರಡರಲ್ಲೂ ಒಂದು ಅಕ್ಷರವನ್ನು ಒಮ್ಮೆ ಮಾಡಿ ಇಟ್ಟಿರುತ್ತಾರೆ. ನೀವು ಕೀಲಿ ಒತ್ತಿದಾಗಲೆಲ್ಲ ಸಾಮಾನ್ಯವಾಗಿ ಅದೇ ಬರುತ್ತದೆ. ಕೆಳಗಿನ ಎಷ್ಟೋ ಪ್ರಶ್ನೆಗಳು ಹುಟ್ಟುವುದು ಈ ಒಂದು ಸಂಗತಿಯಿಂದಲೇ.

ಸ್ಕ್ರಿಪ್ಟ್, ಕ್ಯಾಲಿಗ್ರಫಿ, ಹ್ಯಾಂಡ್‌ರೈಟಿಂಗ್, ಎಲ್ಲ ಒಂದೇ ಅಲ್ವಾ?

ಅಂಗಡಿಗಳು ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಇಡುತ್ತವೆ, ಗೊಂದಲ ಅಲ್ಲಿಂದ ಶುರು. ಕ್ಯಾಲಿಗ್ರಫಿ ಫಾಂಟ್‌ನಲ್ಲಿ ಬರೆದವರು ಅಂದವಾಗಿ ಬರೆಯಬೇಕು ಎಂದೇ ಕೂತಿರುತ್ತಾರೆ. ಹರ್ಮನ್ ಜ್ಯಾಫ್ ಅವರ ಜ್ಯಾಫಿನೋ ಅಂಥದ್ದು. ಅದರ ಬಾಲಗಳು ಮೇಲಿನ ಸಾಲಿನವರೆಗೂ ಹರಿಯುತ್ತವೆ. ಸ್ಕ್ರಿಪ್ಟ್ ಎಂದರೆ ಹೆಚ್ಚಾಗಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡ ಬರಹ. ಕ್ಯಾಶುಯಲ್ ಕೈಬರಹ ಇವೆರಡಕ್ಕಿಂತ ಬೇರೆ. ಅದು ಯಾರಿಗೂ ತೋರಿಸಬೇಕು ಎಂದು ಬರೆದದ್ದಲ್ಲ. ಫ್ರಿಜ್ ಮೇಲಿನ ಚೀಟಿ, ಪುಸ್ತಕದ ಅಂಚಿನ ಟಿಪ್ಪಣಿ, ಫೋನಿನಲ್ಲಿ ಮಾತಾಡುತ್ತಾ ಗೀಚಿದ ವಿಳಾಸ. ಈ ಪುಟ ಇರುವುದು ಆ ಬರಹದ ಬಗ್ಗೆ.

ನೋಡಿದ ಕೂಡಲೇ ‘ಕೈಬರಹ’ ಅನಿಸುತ್ತಲ್ಲ, ಅದು ಹೇಗೆ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಕಣ್ಣು ನಮಗೆ ಗೊತ್ತಾಗದ ಹಾಗೆ ನಾಲ್ಕೈದು ಸುಳಿವುಗಳನ್ನು ಒಟ್ಟಿಗೆ ಹಿಡಿಯುತ್ತದೆ.

ಮೊದಲನೆಯದು ಗೆರೆಯ ತುದಿ. ಅಚ್ಚಿನ ಅಕ್ಷರದ ತುದಿ ಕತ್ತರಿಸಿದ ಹಾಗಿರುತ್ತದೆ. ಪೆನ್ನಿನ ಗೆರೆಯ ತುದಿ ದುಂಡಗಿರುತ್ತದೆ, ಇಲ್ಲವೇ ಕೈ ಎತ್ತಿದ ಕಡೆ ಸಣ್ಣಗಾಗಿ ಮುಗಿಯುತ್ತದೆ. ಎರಡನೆಯದು ಪಾದರೇಖೆ. ಅಕ್ಷರಗಳು ಕೂರುವ ಅದೃಶ್ಯ ಗೆರೆಗೆ ಆ ಹೆಸರು. ಅಚ್ಚಿನಲ್ಲಿ ಎಲ್ಲವೂ ಅದರ ಮೇಲೆ ಸೈನಿಕರ ಹಾಗೆ ನಿಲ್ಲುತ್ತವೆ. ಕೈಬರಹದಲ್ಲಿ ಒಂದು ಸ್ವಲ್ಪ ಮೇಲೆ, ಇನ್ನೊಂದು ಕೂದಲೆಳೆಯಷ್ಟು ಕೆಳಗೆ. ಮೂರನೆಯದು ಓರೆ. ಎಲ್ಲವೂ ಸರಿಯಾಗಿ ಒಂದೇ ಕೋನದಲ್ಲಿ ವಾಲಿದರೆ ಅದು ಇಟಾಲಿಕ್ ಅನಿಸುತ್ತದೆ. ಒಂದೊಂದು ಒಂದೊಂದು ಚೂರು ವಾಲಿದರೆ ಕೈ ಅನಿಸುತ್ತದೆ. ಆಮೇಲೆ ಬಾಯಿ ಪೂರ್ತಿ ಮುಚ್ಚದ ಸೊನ್ನೆ, ಒಂದಕ್ಕೊಂದು ದಾಟಿಹೋದ ಗೆರೆಗಳು, ಬೇಗ ಬರೆಯುವಾಗ ಚಿಕ್ಕದಾದ ತಲೆಕಟ್ಟು.

ಇವುಗಳ ಹದ ಮುಖ್ಯ. ಎಲ್ಲ ಸುಳಿವನ್ನೂ ಜೋರಾಗಿ ತುರುಕಿದ ಫಾಂಟ್ ಕೈಬರಹದ ಅಣಕದ ಹಾಗೆ ಕಾಣುತ್ತದೆ. ಒಳ್ಳೆಯ ಫಾಂಟ್‌ನಲ್ಲಿ ಅಕ್ಷರದ ಎತ್ತರ ಹೆಚ್ಚೂಕಡಿಮೆ ಸಮ ಇರುತ್ತದೆ, ಗೆರೆಯ ದಪ್ಪವೂ ಸಮ ಇರುತ್ತದೆ, ತುದಿ ಮತ್ತು ಓರೆಗಳಲ್ಲಿ ಮಾತ್ರ ಸಣ್ಣ ಸಡಿಲ ಇರುತ್ತದೆ. ನಿಜವಾದ ಕೈಬರಹವೂ ಹಾಗೆಯೇ ಅಲ್ವಾ? ನಮ್ಮ ನಮ್ಮ ಕೈಗೆ ಒಂದು ಅಭ್ಯಾಸ ಇರುತ್ತದೆ; ಯಾರೂ ಪ್ರತಿ ಅಕ್ಷರವನ್ನೂ ಬೇಕಾಬಿಟ್ಟಿ ಬರೆಯುವುದಿಲ್ಲ.

ಇದೆಲ್ಲ ಕಂಪ್ಯೂಟರ್ ಬಂದಮೇಲೆ ಶುರುವಾದದ್ದಾ?

ಅಲ್ಲ, ಸೀಸದ ಅಚ್ಚುಮೊಳೆಗಳ ಕಾಲದಲ್ಲೇ ಇತ್ತು. ಅಮೆರಿಕದ ರಾಬರ್ಟ್ ಇ. ಸ್ಮಿತ್ 1942ರಲ್ಲಿ ಬ್ರಶ್ ಸ್ಕ್ರಿಪ್ಟ್ ಮಾಡಿದರು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ 1953ರಲ್ಲಿ ತಮ್ಮ ಕೈಬರಹವನ್ನೇ ಆಧರಿಸಿ ಮಿಸ್ತ್ರಾಲ್ ತಂದರು. ಮಿಸ್ತ್ರಾಲ್ ನೋಡಿದಾಗ ನನಗೆ ಇವತ್ತಿಗೂ ಬೆರಗಾಗುತ್ತದೆ. ಬಿಡಿ ಬಿಡಿ ಲೋಹದ ತುಂಡುಗಳು. ಆದರೂ ಯಾವ ಅಕ್ಷರದ ಪಕ್ಕ ಯಾವುದನ್ನು ಇಟ್ಟರೂ ಬಾಲ ಹೋಗಿ ಮುಂದಿನದಕ್ಕೆ ಸೇರುತ್ತದೆ, ಒಂದೇ ಉಸಿರಿನಲ್ಲಿ ಬರೆದ ಹಾಗೆ.

ಕಂಪ್ಯೂಟರ್ ಬಂದಮೇಲೆ ಕೆಲಸ ಅಗ್ಗವಾಯಿತು. 1989ರ ಟೆಕ್ಟನ್ ಫಾಂಟ್, ವಾಸ್ತುಶಿಲ್ಪಿ ಫ್ರಾನ್ಸಿಸ್ ಚಿಂಗ್ ತಮ್ಮ ನಕ್ಷೆಗಳಲ್ಲಿ ಬರೆಯುತ್ತಿದ್ದ ಅಕ್ಷರಗಳಿಂದ ಬಂದದ್ದು. 1990ರ ದಶಕದ ಮೊದಲಲ್ಲೇ ಎರಿಕ್ ವಾನ್ ಬ್ಲಾಕ್‌ಲಂಡ್ ಮತ್ತು ಯುಸ್ಟ್ ವಾನ್ ರೋಸುಮ್ ತಮ್ಮ ಕೈಬರಹಗಳನ್ನು ಫಾಂಟ್ ಮಾಡಿದರು. ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಫಾಂಟ್‌ಗಳ ಹೆಸರಲ್ಲೂ ಅದೇ ಇದೆ: ಎರಿಕ್‌ರೈಟ್‌ಹ್ಯಾಂಡ್, ಜಸ್ಟ್‌ಲೆಫ್ಟ್‌ಹ್ಯಾಂಡ್.

ಕಾಮಿಕ್ ಸಾನ್ಸ್ ಅಂದ್ರೆ ಜನ ಯಾಕೆ ಅಷ್ಟು ಬಯ್ಯುತ್ತಾರೆ? ಅದೇನು ಅಷ್ಟು ಕೆಟ್ಟದಾ?

ಅದು ಹುಟ್ಟಿದ ಸಂದರ್ಭ ನೋಡಿದರೆ ಪಾಪ ಅನಿಸುತ್ತದೆ. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್, ಬಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಕಾರ್ಟೂನ್ ನಾಯಿಯ ಮಾತು ಟೈಮ್ಸ್ ನ್ಯೂ ರೋಮನ್‌ನಲ್ಲಿ ಇರುವುದನ್ನು ಕಂಡರು. ನಾಯಿ ಮಾತಾಡುವುದು ಕಚೇರಿ ಪತ್ರದ ದನಿಯಲ್ಲಾ? ಕಾಮಿಕ್ ಪುಸ್ತಕಗಳ ಮಾತಿನ ಗುಳ್ಳೆಗಳನ್ನು ನೋಡಿಕೊಂಡು ಅವರು ಈ ಫಾಂಟ್ ಮಾಡಿದರು. ಅದು ಮುಗಿಯುವಷ್ಟರಲ್ಲಿ ಬಾಬ್ ಸಿದ್ಧವಾಗಿಬಿಟ್ಟಿತ್ತು, ಅದರೊಳಗೆ ಸೇರಲಿಲ್ಲ. ಆಮೇಲೆ ವಿಂಡೋಸ್ 95ರ ಪ್ಲಸ್ ಪ್ಯಾಕ್‌ನಲ್ಲಿ ಬಂತು. ಅಲ್ಲಿಂದ ಎಲ್ಲ ಕಂಪ್ಯೂಟರ್‌ಗಳಿಗೂ ಹರಡಿತು.

ತೊಂದರೆ ಅಲ್ಲೇ ಆದದ್ದು. ಮಾತಿನ ಗುಳ್ಳೆಗೆ ಮಾಡಿದ ಅಕ್ಷರವನ್ನು ಜನ ಎಚ್ಚರಿಕೆ ಫಲಕಕ್ಕೆ, ಶೋಕಸಂದೇಶಕ್ಕೆ, ಕಾನೂನು ನೋಟಿಸಿಗೆ ಬಳಸಿದರು. 2012ರ ಜುಲೈ 4ರಂದು ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿದ ಸುದ್ದಿ ಹೇಳಿದಾಗ ಒಂದು ತಂಡದ ಸ್ಲೈಡುಗಳು ಕಾಮಿಕ್ ಸಾನ್ಸ್‌ನಲ್ಲೇ ಇದ್ದವು. ಅವತ್ತು ಕಣದಷ್ಟೇ ಫಾಂಟ್ ಬಗ್ಗೆಯೂ ಚರ್ಚೆಯಾಯಿತು.

ನನ್ನ ಅಭಿಪ್ರಾಯ: ಅಕ್ಷರಗಳ ಒಳಗಿನ ತೂಕ, ಅಂದರೆ ಗೆರೆಯ ದಪ್ಪ, ಸಮ ಇಲ್ಲ, ದೊಡ್ಡ ಸೈಜಿನಲ್ಲಿ ಅದು ಎದ್ದು ಕಾಣುತ್ತದೆ. ಅದು ಬಿಟ್ಟರೆ ಬಯ್ಯುವಷ್ಟು ಕೆಟ್ಟದ್ದಲ್ಲ. ಸುಮ್ನೆ ಇನ್ನೊಬ್ಬರು ಬಯ್ದರು ಅಂತ ನೀವೂ ಬಯ್ಯಬೇಡಿ. ಅದೇ ದನಿ, ಸ್ವಲ್ಪ ಚೊಕ್ಕ ರೂಪ ಬೇಕಿದ್ದರೆ ಕ್ರೇಗ್ ರೊಜಿನ್ಸ್ಕಿ 2014ರಲ್ಲಿ ಮಾಡಿದ ಕಾಮಿಕ್ ನ್ಯೂ ಇದೆ, ಉಚಿತ.

## ಬಳಸುವಾಗ

ಎಲ್ಲಿ ಬಳಸಿದರೆ ಚೆನ್ನಾಗಿ ಕಾಣುತ್ತೆ?

ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮಾತನ್ನು ಒಬ್ಬ ಮನುಷ್ಯ ನಿಜವಾಗಿಯೂ ಪೆನ್ನು ಹಿಡಿದು ಬರೆಯುತ್ತಿದ್ದನಾ? ಹೌದಾದರೆ ಬಳಸಿ. ಉಡುಗೊರೆಗೆ ಕಟ್ಟುವ ಚೀಟಿ, ಚಿತ್ರದ ಪಕ್ಕ ಬಾಣ ಹಾಕಿ ‘ಇಲ್ಲಿ ನೋಡಿ’ ಎಂಬ ಮಾತು, ಕಥೆಯೊಳಗೆ ಬರುವ ಪತ್ರ, ಮಕ್ಕಳ ಪುಸ್ತಕದಲ್ಲಿ ಪಾತ್ರದ ಡೈರಿ, ಧನ್ಯವಾದದ ಕಾರ್ಡು, ಡಬ್ಬಿಯ ಮೇಲಿನ ಲೇಬಲ್, ಫೋಟೋದ ಕೆಳಗಿನ ಒಂದು ಸಾಲು.

ಇನ್ನೊಂದು ಜಾಗ ಉಂಟು, ಅದನ್ನು ಜನ ಮರೆಯುತ್ತಾರೆ: ಇನ್ನೂ ಮುಗಿಯದ ಕೆಲಸ. ಆಪ್ ಅಥವಾ ಕಟ್ಟಡದ ಮೊದಲ ಕರಡು ನಕ್ಷೆಯಲ್ಲಿ ಹೆಸರುಗಳನ್ನು ಕೈಬರಹದ ಫಾಂಟ್‌ನಲ್ಲಿ ಹಾಕಿ. ನೋಡುವವರಿಗೆ ‘ಇದು ಇನ್ನೂ ಬದಲಾಗಬಹುದು’ ಎಂದು ಹೇಳದೆಯೇ ಗೊತ್ತಾಗುತ್ತದೆ, ಧೈರ್ಯವಾಗಿ ತಿದ್ದುಪಡಿ ಹೇಳುತ್ತಾರೆ. ಅದನ್ನೇ ಅಚ್ಚುಕಟ್ಟಾದ ಫಾಂಟ್‌ನಲ್ಲಿ ತೋರಿಸಿದರೆ ಎಲ್ಲ ತೀರ್ಮಾನ ಆಗಿಹೋಗಿದೆ ಎಂದುಕೊಂಡು ಸುಮ್ಮನಾಗುತ್ತಾರೆ.

ಹಾಗಾದ್ರೆ ಎಲ್ಲಿ ಬೇಡವೇ ಬೇಡ?

ತಪ್ಪಾಗಿ ಓದಿದರೆ ಯಾರಿಗಾದರೂ ತೊಂದರೆ ಆಗುವ ಕಡೆ ಬೇಡ. ಔಷಧದ ಪ್ರಮಾಣ, ಫೋನ್ ನಂಬರ್, ಖಾತೆ ಸಂಖ್ಯೆ, ಪಾಸ್‌ವರ್ಡ್, ತುರ್ತು ದಾರಿಯ ಫಲಕ. ಒಮ್ಮೆ ಒಂದು ಕಾರ್ಯಕ್ರಮದ ಕರೆಯೋಲೆಯಲ್ಲಿ ನಾನು ಫೋನ್ ನಂಬರನ್ನೂ ಅದೇ ಕೈಬರಹದಲ್ಲಿ ಹಾಕಿದ್ದೆ. 1 ಮತ್ತು 7 ಹೆಚ್ಚೂಕಡಿಮೆ ಒಂದೇ ಥರ ಇದ್ದವು. ಸಂಬಂಧವೇ ಇಲ್ಲದ ಒಬ್ಬರಿಗೆ ಎರಡು ದಿನ ಕರೆಗಳು ಹೋದವು. ಅವರಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಅಂಕಿಗಳನ್ನು ಯಾವತ್ತೂ ಸಾದಾ ಫಾಂಟ್‌ನಲ್ಲೇ ಹಾಕುತ್ತೇನೆ.

ಒಂದಿಡೀ ಪುಟ ಇದರಲ್ಲೇ ಹಾಕಬಹುದಾ?

ಬೇಡ. ಎರಡು ಮೂರು ಸಾಲು ಚೆಂದ, ಒಂದು ಪ್ಯಾರಾ ಪರವಾಗಿಲ್ಲ, ಪುಟ ಕಣ್ಣಿಗೆ ಭಾರ. ಕಥೆಯೊಳಗಿನ ಪತ್ರ ಉದ್ದ ಇದ್ದರೆ ಮೊದಲ ಸಾಲು ಮತ್ತು ಸಹಿಯನ್ನು ಮಾತ್ರ ಕೈಬರಹದಲ್ಲಿ ಕೊಟ್ಟು ನಡುವಿನದನ್ನು ಸಾದಾ ಅಕ್ಷರದಲ್ಲಿ ಬಿಡಿ. ಓದುಗರ ಮನಸ್ಸು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಸೈಜ್ ಎಷ್ಟು ಇಡಬೇಕು? ಯಾಕೋ ಯಾವಾಗಲೂ ಚಿಕ್ಕದಾಗಿ ಕಾಣುತ್ತೆ.

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಮೇಲಕ್ಕೆ ಕೆಳಕ್ಕೆ ಚಾಚುವ ಬಾಲಗಳಿಗೆ ಜಾಗ ಬೇಕಾದ್ದರಿಂದ ಈ ಫಾಂಟ್‌ಗಳಲ್ಲಿ ಅಕ್ಷರದ ಹೊಟ್ಟೆ ಚಿಕ್ಕದಾಗಿರುತ್ತದೆ. 16 ಪಾಯಿಂಟ್ ಕೈಬರಹ, 12 ಪಾಯಿಂಟ್ ಸಾದಾ ಅಕ್ಷರದಷ್ಟೇ ಕಾಣಬಹುದು. ಸಂಖ್ಯೆ ನಂಬಬೇಡಿ, ಪಕ್ಕಪಕ್ಕ ಇಟ್ಟು ಕಣ್ಣಿನಿಂದ ಹೊಂದಿಸಿ.

ಗೆರೆ ಸಣ್ಣ ಇರುವ ಫಾಂಟ್ ಆದರೆ ಬಣ್ಣದ ಮೇಲೂ ಗಮನ ಇರಲಿ. ವೆಬ್‌ನಲ್ಲಿ ಎಲ್ಲರಿಗೂ ಓದಲು ಆಗಬೇಕೆಂಬ ಮಾರ್ಗಸೂಚಿಗಳು ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಕೇಳುತ್ತವೆ. ಸಣ್ಣ ಗೆರೆಯ ಕೈಬರಹಕ್ಕೆ ನಾನು ಅದಕ್ಕಿಂತ ಜಾಸ್ತಿಯೇ ಇಡುತ್ತೇನೆ. ಫೋಟೋ ಮೇಲೆ ನೇರವಾಗಿ ಬರೆದರೆ ಅಕ್ಷರ ಕರಗಿಹೋಗುತ್ತದೆ. ಅಲ್ಲಿ ಮಾರ್ಕರ್‌ನಂಥ ದಪ್ಪ ಗೆರೆಯ ಫಾಂಟ್ ಆರಿಸಿ.

ಇದರ ಜೊತೆ ಯಾವ ಫಾಂಟ್ ಹೊಂದುತ್ತೆ?

ಮಾತು ಕಡಿಮೆ ಆಡುವ ಯಾವುದಾದರೂ ಸಾದಾ ಫಾಂಟ್. ಎರಡು ಬೇರೆ ಬೇರೆ ಕೈಬರಹಗಳನ್ನು ಮಾತ್ರ ಒಂದೇ ಪುಟದಲ್ಲಿ ಇಡಬೇಡಿ, ಇಬ್ಬರು ವ್ಯಕ್ತಿಗಳು ಮಾತಾಡುತ್ತಿದ್ದಾರೆ ಎಂದು ತೋರಿಸಬೇಕಾಗಿದ್ದರೆ ಹೊರತು.

ಬೋಲ್ಡ್, ಇಟಾಲಿಕ್ ಬಟನ್ ಒತ್ತಿದರೆ ವಿಚಿತ್ರವಾಗಿ ಕಾಣುತ್ತೆ, ಯಾಕೆ?

ಹೆಚ್ಚಿನ ಕೈಬರಹದ ಫಾಂಟ್‌ಗಳಿಗೆ ಒಂದೇ ತೂಕ ಇರುತ್ತದೆ. ಬೋಲ್ಡ್ ಇಲ್ಲದಿದ್ದಾಗ ಸಾಫ್ಟ್‌ವೇರ್ ತಾನೇ ಗೆರೆಯನ್ನು ಊದಿಸುತ್ತದೆ, ಇಟಾಲಿಕ್ ಇಲ್ಲದಿದ್ದಾಗ ಅಕ್ಷರವನ್ನು ತಳ್ಳಿ ಓರೆ ಮಾಡುತ್ತದೆ. ಮೊದಲೇ ವಾಲಿರುವುದನ್ನು ಮತ್ತೆ ತಳ್ಳಿದರೆ ಬಿದ್ದ ಹಾಗೆ ಕಾಣುತ್ತದೆ. ಒತ್ತಿ ಹೇಳಬೇಕಾದ ಪದದ ಕೆಳಗೆ ಗೆರೆ ಎಳೆಯಿರಿ, ಅಥವಾ ಸುತ್ತ ವೃತ್ತ ಹಾಕಿ. ಕೈಯಲ್ಲಿ ಬರೆಯುವಾಗ ನಾವು ಮಾಡುವುದೂ ಅದನ್ನೇ.

ಓದಲು ಕಷ್ಟಪಡುವ ಮಕ್ಕಳಿಗೆ ಕೈಬರಹದ ಫಾಂಟ್ ಒಳ್ಳೆಯದಂತೆ, ಹೌದಾ?

ಪೂರ್ತಿ ಹೌದು ಎನ್ನಲಾಗುವುದಿಲ್ಲ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಏರಿಯಲ್, ವರ್ಡಾನಾಗಳ ಜೊತೆ ಕಾಮಿಕ್ ಸಾನ್ಸ್ ಹೆಸರನ್ನೂ ಹೇಳಿದೆ. ಅಕ್ಷರಗಳು ಒತ್ತೊತ್ತಾಗಿ ಇರುವುದಿಲ್ಲ ಎಂಬುದು ಅದರ ಕಾರಣ. ಇದು ಎಲ್ಲ ಕೈಬರಹದ ಫಾಂಟ್‌ಗಳಿಗೂ ಅನ್ವಯಿಸುವುದಿಲ್ಲ. ಕೂಡಿಕೊಂಡ, ವಾಲಿದ, ಬಾಲ ಸುತ್ತಿದ ಫಾಂಟ್‌ಗಳು ಓದುವ ಕಷ್ಟವನ್ನು ಹೆಚ್ಚಿಸುತ್ತವೆ.

ಇಂಗ್ಲಿಷ್ ಕಲಿಯುವ ಪುಟ್ಟ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಅಚ್ಚಿನ ಸಣ್ಣ ‘ಎ’ಗೆ ಮೇಲೊಂದು ಛಾವಣಿ ಇರುತ್ತದೆ, ಮಕ್ಕಳು ಬರೆಯಲು ಕಲಿಯುವ ‘ಎ’ಗೆ ಇರುವುದಿಲ್ಲ. ಕೈಬರಹದ ಫಾಂಟ್‌ಗಳಲ್ಲಿ ಮಗು ಬರೆಯುವ ರೂಪವೇ ಕಾಣುತ್ತದೆ.

## ಕನ್ನಡದಲ್ಲಿ

ಇಂಗ್ಲಿಷ್‌ನಲ್ಲಿ ಸಾವಿರಾರು ಇವೆ, ಕನ್ನಡದಲ್ಲಿ ಯಾಕೆ ಇಷ್ಟು ಕಡಿಮೆ?

ಕೆಲಸದ ಲೆಕ್ಕ ಹಾಕಿ ನೋಡಿ. ಇಂಗ್ಲಿಷ್‌ಗೆ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ, ಚಿಹ್ನೆ. ಒಂದು ಸಂಜೆ ಕೂತರೆ ಬರೆದು ಮುಗಿಯುತ್ತದೆ. ಕನ್ನಡದಲ್ಲಿ ವರ್ಣಮಾಲೆ 49 ಅಕ್ಷರದ್ದೇ ಇರಬಹುದು, ಫಾಂಟ್ ಅಷ್ಟಕ್ಕೆ ಮುಗಿಯುವುದಿಲ್ಲ. 34 ವ್ಯಂಜನ ಬರೆದಿರಿ. ಅವುಗಳ ಒತ್ತು ಇನ್ನೊಂದು 34. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲ ಅಕ್ಷರದ ಮುಖವೇ ಇರುವುದಿಲ್ಲ, ಬೇರೆಯಾಗಿಯೇ ಬರೆಯಬೇಕು. ಗುಡಿಸು ಹಾಕಿದಾಗ ಅಕ್ಷರದ ತಲೆಯೇ ಬದಲಾಗುತ್ತದೆ, ಕ ಹೋಗಿ ಕಿ ಆಗುತ್ತದೆ. ಅದು ಮತ್ತೊಂದು 34. ಇಷ್ಟರಲ್ಲೇ 102 ಆಯಿತು. ಇನ್ನು ಎತ್ವ, ಔತ್ವ ಕೂರಿಸಲು ತಲೆಕಟ್ಟು ತೆಗೆದ ರೂಪಗಳು ಬೇಕು. ಕೊಂಬು ಹೆಚ್ಚಿನ ಅಕ್ಷರಗಳಿಗೆ ಪಕ್ಕದಲ್ಲಿ ಬಂದರೆ ಪು, ವು ಎಂಬಲ್ಲಿ ಕೆಳಗೆ ಸೇರುತ್ತದೆ. ವಟ್ರಸುಳಿ, ಅರ್ಕಾವೊತ್ತು ಬೇರೆ.

ಬರೆದರೆ ಮುಗಿಯಿತು ಎಂದೂ ಅಲ್ಲ. ಯಾವುದರ ಪಕ್ಕ ಯಾವುದು ಬಂದರೆ ಯಾವ ರೂಪ ತೋರಿಸಬೇಕು ಎಂಬ ನಿಯಮಗಳನ್ನು ಫಾಂಟ್‌ನ ಒಳಗೆ ಬರೆಯಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಕನ್ನಡಕ್ಕೆ ಮೀಸಲಿಟ್ಟಿರುವುದು 128 ಜಾಗ ಮಾತ್ರ. ಒತ್ತಿಗೂ ಗುಣಿತಕ್ಕೂ ಅಲ್ಲಿ ಬೇರೆ ಬೇರೆ ಜಾಗ ಇಲ್ಲ. ಅವೆಲ್ಲ ಹುಟ್ಟುವುದು ಫಾಂಟ್‌ನ ನಿಯಮಗಳಿಂದ. ಇದಕ್ಕೆ ಅಕ್ಷರದ ಪ್ರೀತಿಯೂ ಬೇಕು, ತಾಂತ್ರಿಕ ತಾಳ್ಮೆಯೂ ಬೇಕು.

ಆದರೂ ನಮ್ಮ ಲಿಪಿ ಕೈಬರಹಕ್ಕೆ ಹೇಳಿ ಮಾಡಿಸಿದ್ದು ಎಂದು ನನಗೆ ಅನಿಸುತ್ತದೆ. ಎಲ್ಲ ದುಂಡು, ಎಲ್ಲ ತಿರುವು. ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ ಕೊಂಡಿ ಹಾಕುವ ಗೋಜು ಇಲ್ಲ. ಬೇಗ ಬರೆಯುವಾಗ ತಲೆಕಟ್ಟು ಒಂದು ಸಣ್ಣ ಟಿಕ್ ಗುರುತಾಗುವುದು, ಒತ್ತಿನ ಬಾಲ ಪಕ್ಕಕ್ಕೆ ಜಾರುವುದು, ಇವೆಲ್ಲ ಫಾಂಟ್‌ಗೆ ಬಂದರೆ ಎಷ್ಟು ಚೆಂದ.

ಉಚಿತವಾಗಿ ಸಿಗುವ ಕನ್ನಡ ಫಾಂಟ್ ಯಾವುದಾದರೂ ಹೇಳಿ.

ಗೂಗಲ್ ಫಾಂಟ್ಸ್‌ನಲ್ಲಿ ಮೂರನ್ನು ನೋಡಿ. ಅಕಾಯ ಕನ್ನಡಕ, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು, ಶೀರ್ಷಿಕೆಗೆ ಲಾಯಕ್ಕು. ಹುಬ್ಬಳ್ಳಿ ಎಂಬ ಫಾಂಟ್‌ನಲ್ಲಿ ಗೆರೆ ಎಲ್ಲ ಕಡೆ ಒಂದೇ ದಪ್ಪ, ಸಾದಾ ಪೆನ್ನಿನ ಸಡಿಲ ಇದೆ. ಏಕ್ ಟೈಪ್ ತಂಡದ ಬಾಲೂ ತಮ್ಮ ದಪ್ಪಗೆ, ದುಂಡಗೆ, ಗೆಳೆಯನ ಹಾಗಿದೆ. ಬಾಲೂ ತಮ್ಮವನ್ನು ಪೂರ್ತಿ ಕೈಬರಹ ಎನ್ನಲಾರೆ, ಆದರೆ ಮಕ್ಕಳ ಪೋಸ್ಟರ್‌ಗೆ ಅದೇ ದನಿ ಕೊಡುತ್ತದೆ.

ಕನ್ನಡ ಕೈಬರಹದ ಫಾಂಟ್ ಆರಿಸುವಾಗ ಏನು ಪರೀಕ್ಷೆ ಮಾಡಬೇಕು?

ಒಂದೇ ಸಾಲಿನಲ್ಲಿ ಇವನ್ನು ಬರೆದು ನೋಡಿ: ದ ಧ, ಡ ಢ, ಪ ಷ ಫ, ರ ಠ. ಗೆರೆ ಸಡಿಲವಾದ ಕೂಡಲೇ ಮೊದಲು ಬಲಿಯಾಗುವುದು ಮಹಾಪ್ರಾಣದ ಸೀಳು ಮತ್ತು ಒಳಗಿನ ಚುಕ್ಕೆ. ಆಮೇಲೆ ಒತ್ತುಗಳಿಗೆ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಬರೆಯಿರಿ. ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದಾಗ ಕೆಳಗಿನ ಸಾಲಿಗೆ ತಾಗುತ್ತದೆಯೇ ನೋಡಿ. ಈ ಕಾರಣಕ್ಕೇ ಕನ್ನಡಕ್ಕೆ ಸಾಲಿನ ಅಂತರ ಜಾಸ್ತಿ ಬೇಕು. ನಾನು ಅಕ್ಷರದ ಸೈಜಿನ 1.6ರಿಂದ 1.8ರಷ್ಟು ಇಡುತ್ತೇನೆ.

ಫಾಂಟ್ ಆರಿಸಿದೆ, ಆದರೆ ನನ್ನ ಕನ್ನಡ ಬದಲಾಗಲೇ ಇಲ್ಲ. ಯಾಕೆ?

ಆ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇಲ್ಲದಿದ್ದಾಗ ಕಂಪ್ಯೂಟರ್ ತನ್ನ ಬಳಿ ಇರುವ ಬೇರೆ ಕನ್ನಡ ಫಾಂಟ್ ತಂದು ತೋರಿಸುತ್ತದೆ. ಇದಕ್ಕೆ ಉಲ್ಟಾ, ಹಳೆಯ ಕನ್ನಡ ಫಾಂಟ್ ಹಾಕಿದಾಗ ಮಾತ್ರ ಸರಿ ಕಾಣುವ, ಉಳಿದಂತೆ ಇಂಗ್ಲಿಷ್ ಗಜಿಬಿಜಿಯಾಗುವ ಕಡತ ಸಿಕ್ಕಿದರೆ ಅದು ಯೂನಿಕೋಡ್‌ಗೆ ಮುಂಚಿನ ಪದ್ಧತಿಯದ್ದು. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು ಆಮೇಲೆ ಫಾಂಟ್ ಬದಲಿಸಿ.

## ಸ್ವಲ್ಪ ಆಳಕ್ಕೆ

ಒಂದೇ ಅಕ್ಷರ ಎರಡು ಸಲ ಬಂದರೆ ಗುಟ್ಟು ರಟ್ಟಾಗುತ್ತೆ. ಏನು ಮಾಡೋದು?

‘ನನಗೆ’ ಎಂದು ಬರೆಯಿರಿ. ಎರಡು ನ ಪಕ್ಕಪಕ್ಕ. ಅದೇ ವಾಲು, ಅದೇ ನಡುಕ, ಅದೇ ತುದಿ. ಓದುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸುಳ್ಳು ಎಂದು ಕಣ್ಣಿಗೆ ಹೊಳೆಯುತ್ತದೆ.

ಒಳ್ಳೆಯ ಫಾಂಟ್‌ಗಳು ಇದಕ್ಕೆ ಓಪನ್‌ಟೈಪ್ ಎಂಬ ಫಾಂಟ್ ಕಡತದ ಮಾದರಿಯಲ್ಲಿರುವ ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್ ಎಂಬ ಸೌಲಭ್ಯ ಬಳಸುತ್ತವೆ. ಒಂದೇ ಅಕ್ಷರದ ಎರಡು ಮೂರು ರೂಪ ಇಟ್ಟುಕೊಂಡು, ಅಕ್ಕಪಕ್ಕ ಏನಿದೆ ಎಂದು ನೋಡಿ ಬದಲಾಯಿಸುತ್ತವೆ. ಪಾಬ್ಲೊ ಇಂಪಲ್ಲಾರಿ ಅವರ ಕ್ಯಾವಿಯಾಟ್ ಫಾಂಟ್‌ನಲ್ಲಿ ಪದದಲ್ಲಿ ಅಕ್ಷರ ಎಲ್ಲಿದೆ ಎಂಬುದರ ಮೇಲೆ ರೂಪ ಚೂರು ಬದಲಾಗುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಆನ್ ಇದೆಯೇ ಎಂದು ನೋಡಿಕೊಳ್ಳಿ. ವರ್ಡ್‌ನಲ್ಲಿ ಫಾಂಟ್ ಆಯ್ಕೆಯ ಸುಧಾರಿತ ಪುಟದಲ್ಲಿ ಇರುತ್ತದೆ.

ಫಾಂಟ್‌ನಲ್ಲಿ ಬದಲಿ ರೂಪಗಳೇ ಇಲ್ಲದಿದ್ದರೆ, ಶೀರ್ಷಿಕೆಯಂಥ ಚಿಕ್ಕ ಬರಹದಲ್ಲಿ ಒಂದು ಅಕ್ಷರವನ್ನು ಆಕಾರವಾಗಿ ಪರಿವರ್ತಿಸಿ, ಒಂದೆರಡು ಡಿಗ್ರಿ ತಿರುಗಿಸಿ, ಕೂದಲೆಳೆಯಷ್ಟು ಎತ್ತಿ. ಎರಡು ನಿಮಿಷದ ಕೆಲಸ. ಬರಹಕ್ಕೆ ಜೀವ ಬರುತ್ತದೆ.

ಅಕ್ಷರಗಳ ನಡುವೆ ಅಂತರ ಕೊಟ್ಟೆ, ಕೊಂಡಿಗಳೆಲ್ಲ ಕಡಿದುಹೋದವು.

ಕೂಡಿಕೊಂಡ ಫಾಂಟ್‌ನಲ್ಲಿ ಒಂದರ ಬಾಲ ಇನ್ನೊಂದರ ಮೇಲೆ ಸರಿಯಾಗಿ ಕೂರುವ ಹಾಗೆ ಅಳತೆ ಮಾಡಿರುತ್ತಾರೆ. ಅಂತರ ಸೊನ್ನೆಯಲ್ಲೇ ಇರಲಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ. ಕೈಬರಹದ ಬಲ ಅಂಚು ಏರುಪೇರಾಗಿದ್ದರೇ ಸಹಜ.

ವೆಬ್‌ಪುಟದಲ್ಲಿ ಸುಮ್ನೆ ‘ಕರ್ಸಿವ್’ ಅಂತ ಬರೆದರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ವೆಬ್‌ಪುಟದ ಅಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಕರ್ಸಿವ್ ಎಂಬುದು ಒಂದು ಸಾಮಾನ್ಯ ಗುಂಪಿನ ಹೆಸರು. ಯಾವ ಫಾಂಟ್ ಎಂದು ತೀರ್ಮಾನಿಸುವುದು ಓದುವವರ ಯಂತ್ರ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕಾಮಿಕ್ ಸಾನ್ಸ್ ಬರುತ್ತದೆ, ಆಂಡ್ರಾಯ್ಡ್‌ನಲ್ಲಿ ಡ್ಯಾನ್ಸಿಂಗ್ ಸ್ಕ್ರಿಪ್ಟ್. ಎರಡರ ದನಿಗೂ ಸಂಬಂಧವೇ ಇಲ್ಲ. ಬೇಕಾದ ಫಾಂಟನ್ನು ಪುಟದ ಜೊತೆಗೇ ಕಳಿಸಿ, ಕರ್ಸಿವ್ ಎಂಬುದನ್ನು ಕೊನೆಯ ಆಸರೆಯಾಗಿ ಮಾತ್ರ ಇಡಿ. ಕಡತ ಕಳಿಸುವಾಗಲೂ ಇದೇ ಮಾತು: ಪಿಡಿಎಫ್ ಮಾಡಿ, ಫಾಂಟ್ ಒಳಗೆ ಸೇರಿದೆಯೇ ನೋಡಿ.

ಉಚಿತ ಅಂತ ಇದ್ದರೆ ನನ್ನ ಉತ್ಪನ್ನದ ಮೇಲೂ ಹಾಕಬಹುದಾ?

‘ಉಚಿತ’ ಎಂಬ ಪದದ ಮೇಲೆ ಹೋಗಬೇಡಿ, ಲೈಸೆನ್ಸ್ ಓದಿ. ಕೈಬರಹದ ಫಾಂಟ್‌ಗಳಲ್ಲಿ ‘ಸ್ವಂತ ಬಳಕೆಗೆ ಮಾತ್ರ ಉಚಿತ’ ಎನ್ನುವವು ತುಂಬಾ ಇವೆ. ಮಾರುವ ವಸ್ತುವಿನ ಮೇಲೆ ಹಾಕಲು ಅವಕ್ಕೆ ದುಡ್ಡು ಕೊಡಲೇಬೇಕು. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ನಿರಾಳ. ವ್ಯಾಪಾರಕ್ಕೆ ಬಳಸಬಹುದು, ತಿದ್ದಬಹುದು, ಹಂಚಬಹುದು. ಫಾಂಟನ್ನು ಮಾತ್ರ ಒಂಟಿಯಾಗಿ ಮಾರುವಂತಿಲ್ಲ. ಮೂಲದವರು ಹೆಸರನ್ನು ಕಾಯ್ದಿರಿಸಿದ್ದರೆ ತಿದ್ದಿದ ರೂಪಕ್ಕೆ ಬೇರೆ ಹೆಸರು ಇಡಬೇಕು.

ನನ್ನ ಅಥವಾ ನನ್ನ ಅಜ್ಜಿಯ ಕೈಬರಹವನ್ನೇ ಫಾಂಟ್ ಮಾಡಬಹುದಾ?

ಖಂಡಿತ ಮಾಡಿ. ಇದಕ್ಕಿಂತ ಒಳ್ಳೆಯ ಕೈಬರಹದ ಫಾಂಟ್ ಯಾವುದಿದೆ?

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಚೌಕಗಳ ಹಾಳೆ ತಗೊಂಡು ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆಯುತ್ತಾರೆ. ಹಾಗೆ ಬರೆದಾಗ ಕೈ ಬಿಗಿಯಾಗುತ್ತದೆ, ಶಾಲೆಯ ಕಾಪಿ ಪುಸ್ತಕದ ಹಾಗಾಗುತ್ತದೆ. ಅದರ ಬದಲು ಪೂರ್ತಿ ವಾಕ್ಯಗಳನ್ನು ಬರೆಯಿರಿ, ಬರೆಸಿ. ಎಲ್ಲ ಅಕ್ಷರವೂ ಎರಡು ಮೂರು ಸಲ ಬರುವಷ್ಟು. ಆಮೇಲೆ ಅದರೊಳಗಿಂದ ಚೆನ್ನಾಗಿ ಬಂದ ಅಕ್ಷರಗಳನ್ನು ಆರಿಸಿ. ಎಲ್ಲವನ್ನೂ ಒಂದೇ ಪೆನ್ನಿನಲ್ಲಿ, ಆದಷ್ಟು ಒಂದೇ ಕೂತಿನಲ್ಲಿ ಬರೆದಿರಬೇಕು. ಸ್ಕ್ಯಾನ್ 600 ಡಿಪಿಐ ಇರಲಿ. ಅಜ್ಜಿ ಈಗ ಇಲ್ಲದಿದ್ದರೆ ಹಳೆಯ ಪತ್ರಗಳಿಂದಲೂ ಆಗುತ್ತದೆ. ಸಿಗದ ಅಕ್ಷರವನ್ನು ಇರುವ ಅಕ್ಷರಗಳ ಗೆರೆಗಳಿಂದ ಕಟ್ಟಬೇಕಾಗುತ್ತದೆ: ದ ಇದ್ದರೆ ಧ ಕಟ್ಟಬಹುದು, ಪ ಇದ್ದರೆ ಷ.

ಇಂಗ್ಲಿಷ್‌ಗೆ ಕ್ಯಾಲಿಗ್ರಾಫರ್‌ನಂಥ ತಾಣದಲ್ಲಿ ಟೆಂಪ್ಲೇಟ್ ತುಂಬಿದರೆ ಕೆಲಸ ಆಗುತ್ತದೆ. ಕನ್ನಡಕ್ಕೆ ಒತ್ತು, ಗುಣಿತದ ನಿಯಮ ಬರೆಯಬೇಕಾದ್ದರಿಂದ ಫಾಂಟ್‌ಫೋರ್ಜ್‌ನಂಥ ಪೂರ್ತಿ ಸಾಧನ ಬೇಕು, ಅದು ಉಚಿತ. ನಿಯಮಗಳನ್ನು ಸೊನ್ನೆಯಿಂದ ಬರೆಯಬೇಡಿ. ಓಪನ್ ಲೈಸೆನ್ಸ್ ಇರುವ ಕನ್ನಡ ಫಾಂಟ್ ಒಂದನ್ನು ತೆರೆದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ ಕಲಿಯಿರಿ.

ಅಕ್ಷರ ಬಿಡಿಸುವುದಕ್ಕಿಂತ ಅಕ್ಕಪಕ್ಕದ ಜಾಗ ಹೊಂದಿಸಲು ಜಾಸ್ತಿ ಸಮಯ ಹೋಗುತ್ತದೆ. ಅಲ್ಲಿ ಆತುರ ಮಾಡಿದ ಫಾಂಟ್, ಅಕ್ಷರ ಎಷ್ಟೇ ಚೆಂದ ಇದ್ದರೂ ಹಲ್ಲು ಉದುರಿದ ಹಾಗೆ ಕಾಣುತ್ತದೆ.

ನನ್ನ ಸಹಿಯನ್ನೂ ಫಾಂಟ್‌ಗೆ ಸೇರಿಸಿಬಿಡಲಾ?

ಬೇಡ. ಫಾಂಟ್ ಕಡತ ಒಮ್ಮೆ ಕೈಬಿಟ್ಟರೆ ಯಾರ ಬಳಿ ಬೇಕಾದರೂ ಹೋಗಬಹುದು. ಹೆಸರನ್ನು ಬರೆಯುವ ರೀತಿಯೇ ನಿಮ್ಮ ಸಹಿಯಾಗಿದ್ದರೆ ಹಂಚುವ ಮುಂಚೆ ಆ ಅಕ್ಷರಗಳ ರೂಪವನ್ನೂ ಸ್ವಲ್ಪ ಬದಲಿಸಿ.

ಪ್ಲಾಟರ್‌ನಲ್ಲಿ (ಪೆನ್ನು ಹಿಡಿದು ಗೆರೆ ಎಳೆಯುವ ಯಂತ್ರ) ನಿಜವಾದ ಪೆನ್ನಿನಿಂದ ಬರೆಸಿದೆ. ಪ್ರತಿ ಗೆರೆಯೂ ಎರಡೆರಡು ಸಲ ಬಂತು!

ಫಾಂಟ್‌ನ ಅಕ್ಷರ ಒಂದು ಗೆರೆ ಅಲ್ಲ, ಗೆರೆಯ ಎರಡು ಅಂಚುಗಳ ನಡುವಿನ ಮುಚ್ಚಿದ ಆಕಾರ. ಪರದೆ ಅದರ ಒಳಗೆ ಬಣ್ಣ ತುಂಬುತ್ತದೆ. ಪ್ಲಾಟರ್ ಅಂಚಿನ ಸುತ್ತ ಪೆನ್ನು ಓಡಿಸುತ್ತದೆ, ಹಾಗಾಗಿ ಟೊಳ್ಳು ಅಕ್ಷರ ಬರುತ್ತದೆ. ಲೇಸರ್ ಕೆತ್ತನೆಯಲ್ಲೂ ಇದೇ ಕಥೆ.

ನಿಮಗೆ ಬೇಕಾದ್ದು ಏಕರೇಖೆಯ ಫಾಂಟ್. 1967ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಎ. ವಿ. ಹರ್ಷಿ ಇಂಥವನ್ನು ಮಾಡಿದರು, ಇವತ್ತಿಗೂ ಬಳಕೆಯಲ್ಲಿವೆ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಹರ್ಷಿ ಟೆಕ್ಸ್ಟ್ ಎಂಬ ಹೆಸರಿನಲ್ಲಿ ಸಿಗುತ್ತವೆ. ಕನ್ನಡಕ್ಕೆ ಬೇಕಾದರೆ ನಿಮ್ಮ ಬರಹವನ್ನು ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಸೆಂಟರ್‌ಲೈನ್ ಆಯ್ಕೆ ಕೊಡಿ. ಅಂಚಿನ ಬದಲು ಗೆರೆಯ ನಡುದಾರಿ ಸಿಗುತ್ತದೆ. ಗೆರೆಗಳು ಕೂಡುವ ಕಡೆ ಸಣ್ಣ ಮುಳ್ಳುಗಳು ಉಳಿದಿರುತ್ತವೆ. ಅವನ್ನು ಕೈಯಾರೆ ಅಳಿಸಿ, ಆಮೇಲೆ ಪ್ಲಾಟರ್‌ಗೆ ಕಳಿಸಿ.